ಒಲವು, ಒಲ್ಲೆ

‘ಮೌನಂ ಸಮ್ಮತಿಲಕ್ಷಣಂ’ ಎಂದು ಹಿರಿಯರು ಹೇಳಿಟ್ಟಿದ್ದಾರೆ. ಹೆಣ್ಣು ನೋಡಲು ಬಂದವರ ಮುಂದೆ ತಲೆ ತಗ್ಗಿಸಿ ಕುಳಿತ ಹುಡುಗಿ ಬಾಯಿ ಬಿಡದಿದ್ದರೆ ಗಂಡು ಒಪ್ಪಿಗೆಯಾದನೆಂದೇ ಲೆಕ್ಕ. ಈ ಒಂದು ಸೂತ್ರದ ಆಸರೆಯಿಂದ ಎಷ್ಟು ಮದುವೆಗಳು ನಡೆದುಹೋದುವೋ, ಎಷ್ಟು ಸಭೆಗಳಲ್ಲಿ ಎಷ್ಟು ನಿರ್ಣಯಗಳು ಸರ್ವಾನುಮತದಿಂದ ಅಂಗೀಕಾರವಾದುವೋ ಬಲ್ಲವರಾರು! ಆದರೆ ಮೌನಕ್ಕೆ ಸಮ್ಮತಿಯೊಂದೇ ಅರ್ಥವಲ್ಲ. ಮುನಿಸಿಕೊಂಡ ಮಕ್ಕಳು ‘ಟೂ’ ಬಿಡುತ್ತಾರೆ. ಆಸ್ತಿ ಭಾಗದಲ್ಲಿ ಜಗಳವಾದ ದಾಯಾದಿಗಳು ಮಾತು ಬಿಡುತ್ತಾರೆ. ನಮ್ಮ ಅಜ್ಜಿಯೂ ಗೋಡೆಯಾಚೆಯ ಮನೆಯ ಅವರ ಓರಗಿತ್ತಿಯೂ ಹಲವು ವರ್ಷ ಮಾತು ಬಿಟ್ಟಿದ್ದರು. ಹಾಗೆಂದು ಸುದ್ದಿ ಸಾಗುತ್ತಿರಲಿಲ್ಲವೆಂದು ತಿಳಿಯಬಾರದು. ಅಜ್ಜಿ ಹಸುವಿಗೆ ಹುಲ್ಲು ಹಾಕುತ್ತ, ‘ಏನೇ ಗೌರಿ, ಹಬ್ಬಕ್ಕೆ ಬಾಳೆಲೆ ಬೇಕಾದವರು ನಮ್ಮ ಹಿತ್ತಿಲಲ್ಲೇ ಕೊಯ್ದುಕೊಳ್ಳಬಹುದಂತೆ’ ಎಂದು ಗಟ್ಟಿಯಾಗಿ ಹೇಳುವರು. ಗೌರಿ ಕಿವಿಯಾಡಿಸುವುದು. ಸ್ವಲ್ಪ ಹೊತ್ತಿಗೆ ಹಿತ್ತಿಲಿನಲ್ಲಿ ಎಲೆ ಕೊಯ್ಯುವ ಸದ್ದು ಕೇಳುವುದು. ಮಾತು ಬಿಟ್ಟವರೆಲ್ಲ ಮನಸ್ಸು ಬಿಟ್ಟವರಲ್ಲ ಎಂಬುದನ್ನು ನಾನು ಕಲಿತದ್ದು ಆ ಹಿತ್ತಿಲಿನಲ್ಲಿ.

ಮೌನವನ್ನು ಕಂಡರೆ ಸುತರಾಂ ಆಗದ ವಸ್ತುವೊಂದು ಈಗ ಎಲ್ಲರ ಮನೆಯಲ್ಲಿಯೂ ಇದೆ. ಅದು ಟೆಲಿವಿಷನ್. ಅದು ಅಳುತ್ತದೆ, ನಗುತ್ತದೆ, ಕೂಗಾಡುತ್ತದೆ, ಸಾಬೂನು ಮಾರುತ್ತದೆ. ಅರೆಗಳಿಗೆ ಸುಮ್ಮನಾದರೆ ಕೆಟ್ಟುಹೋಯಿತೇನೋ ಎಂದು ನಾವೇ ಎದ್ದು ಹೋಗಿ ತಟ್ಟಿ ನೋಡುತ್ತೇವೆ. ಇಂಥ ಪೆಟ್ಟಿಗೆಯ ಚರಿತ್ರೆಯಲ್ಲಿ ಒಂದು ವಿಚಿತ್ರ ಸಂಗತಿಯುಂಟು. ಎರಡನೆಯ ಮಹಾಯುದ್ಧದಲ್ಲಿ ಬಾಯಿ ಮುಚ್ಚಿದ್ದ ಇಂಗ್ಲೆಂಡಿನ ಟೆಲಿವಿಷನ್, ಯುದ್ಧ ಮುಗಿದು ಮತ್ತೆ ಬಾಯಿ ತೆರೆದ ದಿನವೇ ಒಂದು ನಾಟಕವನ್ನು ಆಡಿತು. ಆ ನಾಟಕದಲ್ಲಿ ಇದ್ದ ಮುಖ್ಯ ಪಾತ್ರಗಳು ಮೂರು; ಅವುಗಳಲ್ಲಿ ಎರಡು, ಮೂರನೆಯದರೊಡನೆ ಮಾತನಾಡುವುದೇ ಇಲ್ಲ!

೧೯೩೯ರ ಸೆಪ್ಟೆಂಬರ್ ೧ರಂದು, ಯುದ್ಧದ ಹೊಸ್ತಿಲಲ್ಲಿ, ಬಿ.ಬಿ.ಸಿ. ತನ್ನ ಟೆಲಿವಿಷನ್ ಪ್ರಸಾರವನ್ನು ನಿಲ್ಲಿಸಿತು. ಕೊನೆಗೆ ತೋರಿಸಿದ್ದು ಮಿಕ್ಕಿ ಮೌಸ್ ಎಂಬ ಇಲಿಯ ಚೇಷ್ಟೆಯ ಚಿತ್ರ. ಆರು ವರ್ಷ ಒಂಬತ್ತು ತಿಂಗಳ ಮೇಲೆ, ೧೯೪೬ರ ಜೂನ್ ೭ರಂದು, ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್ಸಿನಿಂದ ಪ್ರಸಾರ ಮತ್ತೆ ಪ್ರಾರಂಭವಾಯಿತು. ಅದೇ ಇಲಿ ಅದೇ ಚೇಷ್ಟೆ ಮಾಡಿತು. ನೋಡಿದವರು ಬಹಳ ಮಂದಿಯೇನಲ್ಲ. ಯುದ್ಧಕ್ಕೆ ಮುಂಚೆ ಇದ್ದ ಪೆಟ್ಟಿಗೆಗಳು ಸುಮಾರು ೨೦,೦೦೦. ಪ್ರಸಾರ ಮುಟ್ಟುತ್ತಿದ್ದದ್ದು ಲಂಡನ್ನಿನ ಸುತ್ತ ೪೦ ಮೈಲಿಯ ಆಸುಪಾಸು. ಮರುದಿನ, ಜೂನ್ ೮ಕ್ಕೆ, ಲಂಡನ್ನಿನ ಬೀದಿಗಳಲ್ಲಿ ವಿಜಯೋತ್ಸವದ ಭಾರಿ ಮೆರವಣಿಗೆ. ಅದನ್ನು ಮನೆಯಲ್ಲಿ ಕುಳಿತು ನೋಡಲೆಂದೇ ಧೂಳು ಹಿಡಿದ ಪೆಟ್ಟಿಗೆಗಳನ್ನು ಒರೆಸಿ ಇಟ್ಟುಕೊಂಡವರಿದ್ದರು. ಆ ಮೆರವಣಿಗೆಯ ಹಿಂದಿನ ದಿನದ ಕಾರ್ಯಕ್ರಮಗಳಲ್ಲಿ ಸೇರಿದ್ದ ನಾಟಕವೇ ‘ಸಮುದ್ರ ಮೌನ’. ಗೆದ್ದವರಿಗೆ ಗೆಲುವಿನ ಮುನ್ನಾದಿನ ತೋರಿಸಿದ ಕಥೆ, ಸೋತ ಶತ್ರುವಿನ ಪಡೆಯವನೊಬ್ಬನ ಹೃದಯದ್ದು!

ಕಥೆ ಫ್ರಾನ್ಸ್ ದೇಶದ್ದು. ೧೯೪೦ರಲ್ಲಿ ಆ ದೇಶ ಜರ್ಮನಿಗೆ ಸೋತಿತು. ಗೆದ್ದ ಸೇನೆಯ ಅಧಿಕಾರಿಗಳು ಊರೂರಿನಲ್ಲಿ ಕಂಡವರ ಮನೆಯ ಕೋಣೆಗಳಲ್ಲಿ ಬಿಡಾರ ಮಾಡಿದರು. ಹಳ್ಳಿಯೊಂದರ ಒಂದು ಮನೆಯಲ್ಲಿ ವಯಸ್ಸಾದ ಗೃಹಸ್ಥನೊಬ್ಬ. ಅವನ ಜೊತೆಯಲ್ಲಿ ಒಬ್ಬ ತರುಣಿ. ಅವಳು ಅವನಿಗೆ ಸೋದರನ ಮಗಳೋ ಸೋದರಿಯ ಮಗಳೋ ಎಂಬುದು ಫ್ರೆಂಚಿನ ಆ ಒಂದು ಪದದಿಂದ ತಿಳಿಯದು. ನಮ್ಮ ಕನ್ನಡವಾಗಿದ್ದರೆ ಅದನ್ನು ಹೇಳದೆ ಕಥೆ ಮುಂದುವರಿಯಲು ಬಿಡುತ್ತಿರಲಿಲ್ಲ. ಅವರ ಮನೆಗೆ ವೆರ್ನರ್ ಫಾನ್ ಎಬ್ರೆನಾಕ್ ಎಂಬ ಜರ್ಮನ್ ಅಧಿಕಾರಿ ಬರುತ್ತಾನೆ. ಕುಂಟುಗಾಲು, ಆದರೆ ಸುಂದರ, ಸಭ್ಯ. ಯುದ್ಧಕ್ಕೆ ಮುಂಚೆ ಅವನು ಸಂಗೀತ ರಚಿಸುತ್ತಿದ್ದವನು. ಮನೆಯ ಇಬ್ಬರೂ ಒಂದು ಮಾತನ್ನೂ ಆಡಿಕೊಳ್ಳದೆ ಒಂದು ವ್ರತ ತೊಟ್ಟುಬಿಡುತ್ತಾರೆ: ಇವನು ಇಲ್ಲಿ ಇಲ್ಲವೇ ಇಲ್ಲ ಎಂಬಂತೆ ನಡೆದುಕೊಳ್ಳುವುದು.

ಚಳಿಗಾಲದ ಉದ್ದಕ್ಕೂ ಪ್ರತಿ ಸಂಜೆ ಅವನು ಬಾಗಿಲು ತಟ್ಟುತ್ತಾನೆ. ಉತ್ತರ ಬರುವುದಿಲ್ಲ. ಒಂದು ಕ್ಷಣ ಕಾದು ಒಳಗೆ ಬರುತ್ತಾನೆ. ಸೈನಿಕನ ಉಡುಪಿನಲ್ಲಿ ತನ್ನನ್ನು ನೋಡುವುದು ಅವರಿಗೆ ನೋವಾದೀತೆಂದು ಸಾಮಾನ್ಯರ ಬಟ್ಟೆ ಹಾಕಿಕೊಂಡು ಬರುತ್ತಾನೆ. ಹಿರಿಯ ಚಿಲುಮೆ ಸೇದುತ್ತಿರುತ್ತಾನೆ, ಹುಡುಗಿ ಹೆಣಿಗೆಯಿಂದ ತಲೆಯೆತ್ತುವುದಿಲ್ಲ. ಅವನು ಒಲೆಯ ಬೆಂಕಿಗೆ ಬೆನ್ನು ಕಾಯಿಸಿಕೊಳ್ಳುತ್ತ ಬೆಂಕಿಗೋ, ಕಿಟಕಿಯ ಮೇಲೆ ಕೆತ್ತಿದ ದೇವದೂತನಿಗೋ ಹೇಳುವಂತೆ ಮಾತನಾಡುತ್ತಾನೆ. ಫ್ರಾನ್ಸಿನ ಮೇಲೆ ತನಗಿರುವ ಪ್ರೇಮ, ಕಪಾಟಿನಲ್ಲಿ ಸಾಲುಗೂಡಿರುವ ಫ್ರೆಂಚ್ ಕವಿಗಳ, ನಾಟಕಕಾರರ ಹೆಸರು, ಜರ್ಮನಿಯ ಸಂಗೀತ. ಈ ಯುದ್ಧದಿಂದ ಎರಡು ದೇಶಗಳಿಗೂ ಮದುವೆಯಾಗುವುದೆಂದು ಅವನ ನಂಬಿಕೆ. ರಾಕ್ಷಸರೂಪದವನೊಬ್ಬ ಸುಂದರಿಯ ಪ್ರೀತಿಯಿಂದ ಶಾಪ ಕಳೆದುಕೊಳ್ಳುವ ಹಳೆಯ ಕಥೆಯನ್ನೂ ಹೇಳುತ್ತಾನೆ. ಯಾರಿಗೆ ಹೇಳುತ್ತಿದ್ದಾನೆಂಬುದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಒಂದು ದಿನ ಆ ಮನೆಯ ಹಾರ್ಮೋನಿಯಮ್ಮಿನಲ್ಲಿ ಬಾಖನ ಕೃತಿಯೊಂದನ್ನು ನುಡಿಸುತ್ತಾನೆ. ಯುದ್ಧ ಬರುವ ಮುಂಚೆ ಹುಡುಗಿ ಅಭ್ಯಾಸ ಮಾಡುತ್ತಿದ್ದ ಹಾಳೆ ಅಲ್ಲಿ ತೆರೆದೇ ಇತ್ತು. ಪ್ರತಿ ರಾತ್ರಿಯೂ ಶುಭ ಕೋರಿ ಮೇಲಕ್ಕೆ ಹೋಗುತ್ತಾನೆ. ಯಾರೂ ಮರಳಿ ಕೋರುವುದಿಲ್ಲ.

ಕೊನೆಗೆ ಅವನಿಗೆ ಪ್ಯಾರಿಸ್ಸಿಗೆ ಹೋಗುವ ರಜೆ ಸಿಕ್ಕುತ್ತದೆ. ಎರಡು ದೇಶಗಳ ಮದುವೆಯ ಮಾತನ್ನು ಅಲ್ಲಿಯ ತನ್ನ ಗೆಳೆಯರಲ್ಲಿ ಎತ್ತಿದಾಗ ಅವರು ನಗುತ್ತಾರೆ. ಮದುವೆಯೆ? ಫ್ರಾನ್ಸನ್ನು ಕೆಡಿಸಬೇಕು, ಅದರ ಆತ್ಮವನ್ನೇ ಹಿಚುಕಬೇಕು; ನಮ್ಮ ನಯ ವಿನಯವೆಲ್ಲ ಅದಕ್ಕೆ ಉಪಾಯ ಎನ್ನುತ್ತಾರೆ. ಅವರಲ್ಲಿ ಎಲ್ಲರಿಗಿಂತ ಕ್ರೂರವಾಗಿ ಮಾತನಾಡಿದವನು ಒಡಹುಟ್ಟಿದವನಂತಿದ್ದ ಸ್ನೇಹಿತ, ಒಂದು ಕಾಲದಲ್ಲಿ ಕವಿತೆ ಬರೆಯುತ್ತಿದ್ದವನು. ಅಧಿಕಾರಿ ಮುರಿದು ಹಿಂದಿರುಗುತ್ತಾನೆ. ಕೆಲವು ದಿನ ಕೆಳಗೆ ಇಳಿಯುವುದೇ ಇಲ್ಲ. ಒಂದು ರಾತ್ರಿ ಬಾಗಿಲು ತಟ್ಟಿ, ಎಂದಿನಂತೆ ಒಳಗೆ ಬಾರದೆ, ಹೊರಗೇ ನಿಲ್ಲುತ್ತಾನೆ. ಆಗ ಹಿರಿಯ ಮೊದಲ ಬಾರಿಗೆ ಬಾಯಿ ತೆರೆದು ಒಳಗೆ ಕರೆಯುತ್ತಾನೆ. ಈ ಸಲ ಅವನು ಸೈನಿಕನ ಉಡುಪಿನಲ್ಲಿದ್ದಾನೆ. ತಾನು ಇಷ್ಟು ತಿಂಗಳು ಆಡಿದ್ದನ್ನೆಲ್ಲ ಮರೆತುಬಿಡಬೇಕೆಂದು ಬೇಡುತ್ತಾನೆ. ಪೂರ್ವದ ರಣರಂಗಕ್ಕೆ ತಾನೇ ಕೇಳಿ ವರ್ಗ ಮಾಡಿಸಿಕೊಂಡಿದ್ದಾನೆ, ಹೋದರೆ ಬರುವುದುಂಟೆ? ಹೊರಡುವಾಗ ಹುಡುಗಿಯ ಕಣ್ಣುಗಳನ್ನೇ ನೋಡುತ್ತ ನಿಲ್ಲುತ್ತಾನೆ. ಅವಳ ತುಟಿ ಅಲುಗುತ್ತದೆ. ಕೇಳಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಬೀಳ್ಕೊಡುಗೆಯ ಒಂದೇ ಒಂದು ಪದ. ಕಥೆಯುದ್ದಕ್ಕೂ ಅವಳು ಅವನಿಗೆ ಆಡಿದ್ದು ಅಷ್ಟೆ.

ಈ ಕಥೆಯನ್ನು ಬರೆದವನು ವೃತ್ತಿಯಿಂದ ಬರಹಗಾರನಲ್ಲ, ಚಿತ್ರಕಾರ. ಹೆಸರು ಝಾನ್ ಬ್ರುಲೆರ್, ಹುಟ್ಟಿದ್ದು ೧೯೦೨ರಲ್ಲಿ. ೧೯೪೧ರಲ್ಲಿ, ಜರ್ಮನ್ನರ ಆಳ್ವಿಕೆಯಲ್ಲಿಯೇ ಇದನ್ನು ಬರೆದು, ‘ವೆರ್ಕೋರ್’ ಎಂಬ ಬೆಟ್ಟದ ಸೀಮೆಯ ಹೆಸರನ್ನು ತನ್ನ ಗುಪ್ತನಾಮವಾಗಿ ಇಟ್ಟುಕೊಂಡ. ಪಿಯೆರ್ ದ ಲೆಸ್ಕ್ಯೂರ್ ಎಂಬ ಮಿತ್ರನೊಡನೆ ಕೂಡಿ, ‘ನಡುರಾತ್ರಿಯ ಪ್ರಕಾಶನ’ ಎಂಬ ಅರ್ಥ ಬರುವ ಹೆಸರಿನಲ್ಲಿ ಕಳ್ಳ ಪ್ರಕಾಶನವೊಂದನ್ನೂ ಕಟ್ಟಿದ. ಪ್ಯಾರಿಸ್ಸಿನಲ್ಲಿ ಮದುವೆ, ಮರಣದ ಕಾಗದಗಳಂಥ ಚಿಲ್ಲರೆ ಕೆಲಸ ಮಾಡುತ್ತಿದ್ದ ಚಿಕ್ಕ ಮುದ್ರಕನೊಬ್ಬ ಒಂದು ಸಲಕ್ಕೆ ಎಂಟೇ ಪುಟದಂತೆ ಅಚ್ಚು ಹಾಕಿಕೊಟ್ಟ. ಅವನ ಅಂಗಡಿಯ ಹತ್ತಿರವೇ ಜರ್ಮನ್ನರ ವಶದಲ್ಲಿದ್ದ ಆಸ್ಪತ್ರೆ. ಗೆಳತಿಯೊಬ್ಬಳು ಮನೆಯಲ್ಲಿ ಕುಳಿತು ಹಾಳೆಗಳನ್ನು ಹೊಲಿದಳು. ೧೯೪೨ರಲ್ಲಿ ಹೊರಬಂದ ಆ ಮೊದಲ ಮುದ್ರಣದ ಪ್ರತಿಗಳು ಸುಮಾರು ೩೫೦. ಸಿಕ್ಕಿಬಿದ್ದರೆ ಬರೆದವನಿಗೂ ಅಚ್ಚು ಹಾಕಿದವನಿಗೂ ಹೊಲಿದವಳಿಗೂ ಪ್ರಾಣಭಯ. ನಮ್ಮಲ್ಲಿ ಒಂದು ಕಥೆ ಅಚ್ಚಾದರೆ ಲೇಖಕ ನಾಲ್ಕು ಜನಕ್ಕೆ ಹೇಳಿಕೊಂಡು ತಿರುಗುತ್ತಾನೆ. ಈತ ತಾನು ಬರೆದದ್ದೆಂಬುದನ್ನು ಆಪ್ತರಿಗೂ ಬಿಟ್ಟುಕೊಡದೆ ಮೌನವ್ರತ ಹಿಡಿದ. ಆದರೂ ಪುಸ್ತಕ ಗಡಿ ದಾಟಿ ಲಂಡನ್ ಸೇರಿತು. ೧೯೪೪ರಲ್ಲಿ ಸಿರಿಲ್ ಕಾನೊಲಿ ಅದನ್ನು ಇಂಗ್ಲಿಷಿಗೆ ತಂದ.

ಹಾಗೆ ಬಂದ ಕಥೆ ಎರಡು ವರ್ಷದ ಮೇಲೆ ನಾಟಕವಾಗಿ ಟೆಲಿವಿಷನ್ನಿಗೆ ಏರಿತು. ಜರ್ಮನಿ ಶರಣಾಗಿ ಇನ್ನೂ ಹದಿಮೂರು ತಿಂಗಳು. ಲಂಡನ್ನಿನಲ್ಲಿ ಬಾಂಬು ಬಿದ್ದ ಮನೆಗಳು ಹಾಗೆಯೇ ಬಾಯಿ ತೆರೆದುಕೊಂಡು ನಿಂತಿದ್ದವು. ಯುದ್ಧದಲ್ಲಿಯೂ ಇಲ್ಲದಿದ್ದ ಬ್ರೆಡ್ಡಿನ ರೇಷನ್ ಮುಂದಿನ ತಿಂಗಳು ಬಂತು. ಮಗನನ್ನೋ ಮನೆಯನ್ನೋ ಕಳೆದುಕೊಂಡ ಜನ ಆ ಸಣ್ಣ ಗಾಜಿನ ಮೇಲೆ ಒಬ್ಬ ಜರ್ಮನ್ ಅಧಿಕಾರಿಯ ಮುಖವನ್ನು ನೋಡಿದರು. ಆ ಪಾತ್ರ ವಹಿಸಿದವನು ಕೆನೆತ್ ಮೋರ್ ಎಂಬ ನಟ. ಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ಅಧಿಕಾರಿಯಾಗಿ ದುಡಿದವನು, ಶತ್ರುವಿನ ಉಡುಪನ್ನು ತೊಟ್ಟು ಶತ್ರುವಿನ ಸಂಕಟವನ್ನು ಅಭಿನಯಿಸಿದ. ಹತ್ತು ವರ್ಷದ ಮೇಲೆ, ೧೯೫೬ರಲ್ಲಿ, ಇದೇ ನಟ ಎರಡೂ ಕಾಲು ಕಳೆದುಕೊಂಡೂ ವಿಮಾನದಲ್ಲಿ ಜರ್ಮನ್ನರೊಡನೆ ಹೋರಾಡಿದ ಬ್ರಿಟಿಷ್ ವೀರ ಡಗ್ಲಸ್ ಬೇಡರನಾಗಿ ಸಿನಿಮಾದಲ್ಲಿ ಮನೆಮಾತಾದ. ಕುಂಟುವ ಶತ್ರುವೂ ಕುಂಟುವ ವೀರನೂ ಒಂದೇ ದೇಹ! ನಟನ ಧರ್ಮ ಎಷ್ಟು ದೊಡ್ಡದು ನೋಡಿ.

ಆ ನಾಟಕವನ್ನು ಇಂದು ನೋಡುವಂತಿಲ್ಲ. ಆಗಿನ ಟೆಲಿವಿಷನ್ ನಾಟಕಗಳು ನಟರು ಅಲ್ಲಿ ಆಡುತ್ತಿರುವಾಗಲೇ ಇಲ್ಲಿ ಕಾಣುತ್ತಿದ್ದಂಥವು. ಹಿಡಿದಿಡುವ ಏರ್ಪಾಡು ಬಿ.ಬಿ.ಸಿ.ಗೆ ಬಂದದ್ದು ಮರುವರ್ಷ. ಆಡಿ ಮುಗಿದೊಡನೆ ಗಾಳಿಯಲ್ಲಿ ಕರಗಿಹೋಯಿತು. ನಮಗೆ ಉಳಿದಿರುವುದು ಮೂಲ ಕಥೆ, ೧೯೪೯ರಲ್ಲಿ ತೆರೆಕಂಡ ಝಾನ್-ಪಿಯೆರ್ ಮೆಲ್ವಿಲ್‌ನ ಚಲನಚಿತ್ರ, ಮತ್ತೆ ೨೦೦೪ರಲ್ಲಿ ಫ್ರೆಂಚ್ ಟೆಲಿವಿಷನ್ನಿಗಾಗಿ ಪಿಯೆರ್ ಬೂತ್ರೋಂ ಮಾಡಿದ ಚಿತ್ರ. ಮೆಲ್ವಿಲ್ ತನ್ನ ಚಿತ್ರವನ್ನು ತೆಗೆದದ್ದು ವೆರ್ಕೋರನ ಸ್ವಂತ ಮನೆಯಲ್ಲಿಯೇ. ಗಡಿಯಾರದ ಟಿಕ್‌ಟಿಕ್, ಬೆಂಕಿಯ ಬೆಳಕು, ಹೆಣಿಗೆಯ ಕಡ್ಡಿಗಳು. ಅದರಲ್ಲಿ ಆ ಹುಡುಗಿ ಕೊನೆಗೆ ಕಣ್ಣೆತ್ತಿದಾಗ, ಅಷ್ಟು ಹೊತ್ತೂ ಅವಳ ರೆಪ್ಪೆಯನ್ನೇ ನೋಡಿದ್ದ ನಮಗೆ ಮನೆಯ ದೀಪ ಒಮ್ಮೆಗೇ ಹೊತ್ತಿದಂತಾಗುತ್ತದೆ.

ಈ ಕಥೆಯನ್ನು ಎಲ್ಲರೂ ಮೆಚ್ಚಿಕೊಂಡರೆಂದು ತಿಳಿಯಬೇಡಿ. ಜರ್ಮನ್ ಅಧಿಕಾರಿ ಇಷ್ಟು ಒಳ್ಳೆಯವನೆ ಎಂದು ಮುನಿದವರಿದ್ದರು. ಯುದ್ಧ ಮುಗಿಯುವ ಮುಂಚೆಯೇ ಆರ್ಥರ್ ಕೋಸ್ಲರ್ ಇದನ್ನು ಕಟುವಾಗಿ ಟೀಕಿಸಿದ. ೧೯೪೭ರಲ್ಲಿ ಸಾರ್ತ್ರ್, ಸಾಹಿತ್ಯವೆಂದರೇನು ಎಂದು ವಿಚಾರಿಸುತ್ತ, ಇದು ೧೯೪೧ರ ಫ್ರಾನ್ಸಿಗಾಗಿ ಬರೆದದ್ದು, ಕಾಲ ಕ್ರೂರವಾದಂತೆ ಇದರ ಮೊನೆ ಮೊಂಡಾಯಿತು ಎಂಬರ್ಥದ ಮಾತು ಹೇಳಿದ. ದೊಡ್ಡವರ ಮಾತು ಹಾಗಿರಲಿ. ನಾನು ಒಮ್ಮೆ ಬಿ.ಎ. ತರಗತಿಯಲ್ಲಿ, ಪಾಠದ ನಡುವೆ ಸಮಯ ಉಳಿದಿದ್ದಾಗ, ಈ ಕಥೆಯನ್ನು ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ, ‘ಬಾಡಿಗೆ ಕೊಡದೆ ಮನೆ ಹೊಕ್ಕವನ ಹತ್ತಿರ ಏನು ಮಾತು ಸಾರ್!’ ಎಂದ. ಎಲ್ಲರೂ ನಕ್ಕರು. ನಗದೆ ಕುಳಿತಿದ್ದ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: ‘ಅವಳು ಮೊದಲೇ ಮಾತನಾಡಿದ್ದರೆ ಅವನಿಗೆ ನಿಜ ಬೇಗ ತಿಳಿಯುತ್ತಿತ್ತಲ್ಲವೆ ಸಾರ್? ಇಷ್ಟಪಟ್ಟವನನ್ನು ಸುಮ್ಮನೆ ಸಾಯುವುದಕ್ಕೆ ಕಳಿಸಿದ ಹಾಗಾಗಲಿಲ್ಲವೆ?’

ಗಂಟೆ ಹೊಡೆಯಿತು. ಮೇಷ್ಟ್ರುಗಳಿಗೆ ಗಂಟೆಯಂಥ ಬಂಧು ಇನ್ನೊಬ್ಬನಿಲ್ಲ. ಆದರೆ ಪ್ರಶ್ನೆ ನನ್ನೊಡನೆ ಮನೆಗೂ ಬಂತು.

ಅವಳು ಮಾತನಾಡಿದ್ದರೆ ಏನಾಗುತ್ತಿತ್ತು? ಅವನು ತಿಳಿಯಬೇಕಾದ ನಿಜವನ್ನು ಅವಳು ಹೇಳಿದ್ದರೂ ಅವನು ನಂಬುತ್ತಿರಲಿಲ್ಲವೇನೋ. ಮದುವೆಯ ಕನಸು ಕಾಣುತ್ತಿದ್ದವನಿಗೆ ಆ ದನಿಯೇ ಒಪ್ಪಿಗೆಯಾಗಿ ಕೇಳುತ್ತಿತ್ತು. ಒಳ್ಳೆಯ ಶತ್ರುವಿನ ಕಷ್ಟವೇ ಇದು. ಕೆಟ್ಟವನ ಎದುರು ಬಾಗಿಲು ಹಾಕಿಕೊಳ್ಳುವುದು ಸುಲಭ. ನಯವಾಗಿ ಮಾತನಾಡುವವನು, ನಮ್ಮ ಕವಿಗಳನ್ನು ನಮಗಿಂತ ಚೆನ್ನಾಗಿ ಬಲ್ಲವನು, ನಮ್ಮ ನೋವನ್ನು ಅರಿತು ಬಟ್ಟೆ ಬದಲಿಸಿಕೊಂಡು ಬರುವವನು ಬಾಗಿಲು ತಟ್ಟಿದರೆ? ಬಟ್ಟೆ ಬದಲಾದರೂ ಅವನ ಬೆನ್ನ ಹಿಂದೆ ಸೈನ್ಯವಿದೆ. ಆ ಕೋಣೆ ಅವನಿಗೆ ದೊರೆತದ್ದು ಸೈನ್ಯದ ಬಲದಿಂದ. ಅವನ ಸೌಜನ್ಯಕ್ಕೆ ಒಂದು ಸಣ್ಣ ಉತ್ತರ ಕೊಟ್ಟರೂ ಆ ಬಲಕ್ಕೆ ಉತ್ತರ ಕೊಟ್ಟಂತೆ. ಹುಡುಗಿ ಇದನ್ನು ಬಲ್ಲಳು. ತನ್ನ ಮನಸ್ಸು ಅವನತ್ತ ಹರಿಯುತ್ತಿರುವುದನ್ನೂ ಬಲ್ಲಳು. ಎರಡನ್ನೂ ಒಂದೇ ಮೌನದಲ್ಲಿ ಕಟ್ಟಿಕೊಂಡು ಹೆಣಿಗೆ ಹಾಕುತ್ತಾಳೆ. ಮೇಲೆ ನಿಶ್ಚಲವಾದ ನೀರು, ಅಡಿಯಲ್ಲಿ ಜಲಚರಗಳ ಕಾದಾಟ. ಕಥೆಗೆ ಸಮುದ್ರದ ಹೆಸರು ಬಂದದ್ದು ಅದರಿಂದ.

ನಾನು ಕನ್ನಡದ ಮೇಷ್ಟ್ರು. ಎಲ್ಲಿ ಹೋದರೂ ಧಾತು ಹುಡುಕುವುದು ನನ್ನ ಜಾತಿಯ ಗುಣ. ನಮ್ಮ ಭಾಷೆಯಲ್ಲಿ ‘ಒಲ್’ ಎಂಬ ಹಳೆಯ ಧಾತುವಿದೆ. ಒಲವು, ಒಲ್ಮೆ, ಒಲಿ, ಎಲ್ಲ ಹುಟ್ಟಿದ್ದು ಅದರಿಂದಲೇ. ಅದಕ್ಕೆ ನಿಷೇಧ ಸೇರಿದರೆ ‘ಒಲ್ಲೆ’. ಪ್ರೀತಿಯೂ ನಿರಾಕರಣೆಯೂ ಒಂದೇ ಬೇರಿನ ಎರಡು ಕವಲು. ದಿನ ಬೆಳಗಾದರೆ ಎರಡು ಪದಗಳನ್ನೂ ಬಳಸುವ ನಾವು ಅವು ಅಕ್ಕತಂಗಿಯರೆಂಬುದನ್ನು ಮರೆತಿದ್ದೇವೆ. ಆ ಫ್ರೆಂಚ್ ಹುಡುಗಿಯ ಮೌನದಲ್ಲಿ ಇರುವುದು ಈ ಎರಡೂ. ಅವನನ್ನು ಒಲಿದಿದ್ದಾಳೆ, ಅವನು ಬಂದ ಬಗೆಯನ್ನು ಒಲ್ಲಳು. ಒಂದಕ್ಕಾಗಿ ಇನ್ನೊಂದನ್ನು ಸುಳ್ಳುಮಾಡಲೂ ಒಲ್ಲಳು.

ಅವನ ಕಡೆಯಿಂದ ನೋಡಿದರೆ ಲೆಕ್ಕ ತಲೆಕೆಳಗಾಗುತ್ತದೆ. ಅವನ ಬಳಿ ಇಲ್ಲದ ಮಾತಿಲ್ಲ. ಕಾವ್ಯವಿದೆ, ಸಂಗೀತವಿದೆ, ಎರಡು ದೇಶಗಳ ಚರಿತ್ರೆಯಿದೆ. ಇಲ್ಲದೆ ಇದ್ದದ್ದು ಒಂದೇ ಪದ: ‘ಒಲ್ಲೆ’. ತನ್ನವರು ಮಾಡಹೊರಟಿರುವುದು ಪಾಪವೆಂದು ಕಣ್ಣಾರೆ ಕಂಡ ಮೇಲೆಯೂ ಅವನು ಆ ಉಡುಪನ್ನು ಕಳಚಲಿಲ್ಲ. ಮತ್ತೆ ತೊಟ್ಟುಕೊಂಡು ಸಾವಿನ ಕಡೆಗೆ ನಡೆದ. ಸಾಯಲು ಬೇಕಾದ ಧೈರ್ಯ ಅವನಲ್ಲಿತ್ತು, ಅಪ್ಪಣೆ ಮೀರಲು ಬೇಕಾದದ್ದು ಇರಲಿಲ್ಲ. ಮನೆಯ ಹಿರಿಯನಿಗೆ ಆ ಗಳಿಗೆಯಲ್ಲಿ ಆಗುವ ನಿರಾಶೆ ಇದೇ. ಮೆಲ್ವಿಲ್ ತನ್ನ ಚಿತ್ರದಲ್ಲಿ ಇದನ್ನು ಇನ್ನೂ ಸ್ಪಷ್ಟಮಾಡಿದ: ಅಧಿಕಾರಿ ಹೊರಡುವ ಮುನ್ನ ಅವನ ಕಣ್ಣಿಗೆ ಬೀಳುವಂತೆ ಹಿರಿಯ ಒಂದು ಪುಸ್ತಕವನ್ನು ತೆರೆದಿಡುತ್ತಾನೆ. ಅದರಲ್ಲಿ ಅನತೋಲ್ ಫ್ರಾನ್ಸನ ಮಾತು. ಪಾಪದ ಆಜ್ಞೆಯನ್ನು ಸೈನಿಕ ಮೀರಿದರೆ ಅದು ಒಳ್ಳೆಯದೇ ಎಂಬುದು ಅದರ ತಾತ್ಪರ್ಯ. ಓದುತ್ತಾನೆ. ಹೋಗುತ್ತಾನೆ.

ಸಾಹಿತ್ಯ ಪಾಠ ಹೇಳುವವನಿಗೆ ಇಲ್ಲಿ ಮುಳ್ಳು ಚುಚ್ಚುತ್ತದೆ. ಕಾವ್ಯ ಓದಿದವನ ಮನಸ್ಸು ಮೆತ್ತಗಾಗುತ್ತದೆ ಎಂದು ನಾವು ಪ್ರತಿವರ್ಷ ಜೂನ್‌ನಲ್ಲಿಯೋ ಜುಲೈನಲ್ಲಿಯೋ ಹೊಸ ಮಕ್ಕಳಿಗೆ ಹೇಳುತ್ತೇವೆ. ಮೆತ್ತಗಾಗುವುದು ನಿಜ. ಎಬ್ರೆನಾಕನ ಮನಸ್ಸಿಗಿಂತ ಮೆತ್ತನೆಯ ಮನಸ್ಸು ಬೇಕೆ? ಆದರೆ ಮೆತ್ತಗಾದ ಮನಸ್ಸಿಗೆ ಒಂದು ಕಡೆಯಲ್ಲಾದರೂ ಗಟ್ಟಿ ನೆಲ ಬೇಡವೆ? ಕವಿತೆ ಬರೆಯುತ್ತಿದ್ದ ಆ ಗೆಳೆಯನೇ ಎಲ್ಲರಿಗಿಂತ ಕಠೋರನಾದ. ಪುಸ್ತಕ ಒಲವನ್ನು ಕಲಿಸಬಲ್ಲುದು. ‘ಒಲ್ಲೆ’ಯನ್ನೂ ಕಲಿಸಿದರೆ ಮಾತ್ರ ಆ ಒಲವು ಯಾರ ಕೈಗೂ ಉಪಾಯವಾಗದೆ ಉಳಿಯುತ್ತದೆ. ನನ್ನ ವಿದ್ಯಾರ್ಥಿನಿಗೆ ನಾನು ಮಾರನೆಯ ದಿನ ಕೊಟ್ಟ ಉತ್ತರ ಇದು: ಅವನನ್ನು ಸಾಯಲು ಕಳಿಸಿದ್ದು ಅವಳ ಮೌನವಲ್ಲಮ್ಮ, ಅವನ ಮೌನ. ಆಡಬೇಕಾದ ಕಡೆ ಅವನು ಆಡಲಿಲ್ಲ. ಅವಳಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ಇಪ್ಪತ್ತು ವರ್ಷದ ಹೃದಯಕ್ಕೆ ಆಗಲೂಬಾರದು.

ಆ ಕೊನೆಯ ಪದವನ್ನು ಕನ್ನಡಕ್ಕೆ ತರಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಫ್ರೆಂಚರಲ್ಲಿ ಬೀಳ್ಕೊಡಲು ಎರಡು ಬಗೆಯ ಮಾತುಂಟು. ಒಂದರಲ್ಲಿ ಮತ್ತೆ ಕಾಣುವ ಆಸೆಯಿದೆ. ಇನ್ನೊಂದು ‘ಅದ್ಯೂ’, ದೇವರಿಗೆ ಒಪ್ಪಿಸಿದೆ ಎಂಬ ಅರ್ಥದ್ದು, ಇನ್ನು ಕಾಣೆವು ಎನ್ನುವಾಗ ಆಡುವಂಥದ್ದು. ಹುಡುಗಿ ಆಡಿದ್ದು ಈ ಎರಡನೆಯದನ್ನು. ನಮ್ಮಲ್ಲಿ ‘ಹೋಗುತ್ತೇನೆ’ ಎಂದರೇ ಅಪಶಕುನ. ಪಕ್ಕದ ಬೀದಿಗೆ ಹೊರಟವನೂ ‘ಹೋಗಿಬರುತ್ತೇನೆ’ ಎನ್ನಬೇಕು, ಮನೆಯವರು ‘ಹೋಗಿಬನ್ನಿ’ ಎನ್ನಬೇಕು. ಎಷ್ಟು ಮಮತೆಯ ಮಾತು! ಆದರೆ ಇಲ್ಲಿ ಅದು ಹೊಂದುವುದಿಲ್ಲ. ‘ಹೋಗಿಬನ್ನಿ’ ಎಂದರೆ ಮತ್ತೆ ಬಾ ಎಂದು ಅವಳಿಂದ ಹೇಳಿಸಿದಂತಾಗುತ್ತದೆ. ದೇಶ ಹೊಕ್ಕ ಸೈನಿಕನಿಗೆ ಅವಳು ಹಾಗೆನ್ನಲಾರಳು. ಹೃದಯ ಹೊಕ್ಕವನಿಗೆ ಏನೂ ಅನ್ನದೆಯೂ ಇರಲಾರಳು. ಅದಕ್ಕೇ ದೇವರಿಗೆ ಒಪ್ಪಿಸಿದಳು. ಬಾಗಿಲನ್ನು ಮುಚ್ಚುತ್ತಲೇ ದೀಪ ಹಿಡಿದು ದಾರಿ ತೋರುವಂಥ ಪದ ಅದು. ನಮ್ಮ ನಿಘಂಟಿನಲ್ಲಿ ನಾನು ಇನ್ನೂ ಹುಡುಕುತ್ತಿದ್ದೇನೆ.

ಮರುದಿನ ಬೆಳಿಗ್ಗೆ ಅಧಿಕಾರಿ ಹೊರಟುಹೋಗಿರುತ್ತಾನೆ. ಹುಡುಗಿ ಎಂದಿನಂತೆ ಹಾಲು ಬಡಿಸುತ್ತಾಳೆ. ಇಬ್ಬರೂ ಮಾತಿಲ್ಲದೆ ಕುಡಿಯುತ್ತಾರೆ. ಹೊರಗೆ ಮಂಕು ಬಿಸಿಲು. ಈಗ ಆ ಮನೆಯಲ್ಲಿ ಯಾರ ಮುಂದೆಯೂ ಸುಮ್ಮನಿರಬೇಕಾದ ಕಟ್ಟಿಲ್ಲ, ವ್ರತ ಮುಗಿದಿದೆ. ಆದರೂ ಮಾತು ಹೊರಡುವುದಿಲ್ಲ.